ಪಟ್ಟ ಸರಿ, ಅಭಿಷೇಕ ಎಲ್ಲಿ?

ಪ್ಯಾರಿಸ್ಸಿಗೆ ಹೋಗಿದ್ದು ಆಫೀಸ್ ಕೆಲಸದ ಮೇಲೆ. ನಾಲ್ಕು ದಿನ ಬರೀ ಮೀಟಿಂಗು, ಒಂದು ದಿನ ಮಾತ್ರ ನಂದು. ಆ ಒಂದೇ ದಿನದಲ್ಲಿ ಟವರ್ರು, ನದಿ, ಲೂವ್ರ್ ಮ್ಯೂಸಿಯಂ ಎಲ್ಲಾ ಮುಗಿಸಿಬಿಡೋಣ ಅಂತ ಬೆಳಗ್ಗೆ ಏಳಕ್ಕೇ ರೆಡಿಯಾಗಿ ಕೂತಿದ್ದೆ, ಕೊನೆಗೆ ಆಗಿದ್ದೇನಪ್ಪಾ ಅಂದ್ರೆ ಲೂವ್ರಲ್ಲಿ ಒಂದೇ ಒಂದು ಚಿತ್ರದ ಮುಂದೆ ಒಂದೂವರೆ ಗಂಟೆ ಕೂತು ಮಿಕ್ಕಿದ್ದೆಲ್ಲಾ ಬಿಟ್ಟು ಬಂದೆ. ಕಲೆ ಮೇಲಿನ ಪ್ರೀತಿಯಿಂದ ಅಂತ ಹೇಳ್ಕೊಂಡ್ರೆ ಸುಳ್ಳಾಗುತ್ತೆ. ಹೊಸ ಶೂ ಕಚ್ತಿತ್ತು. ಕೂರೋಕೆ ಜಾಗ ಸಿಕ್ತು, ಕೂತೆ, ಎದುರಿಗೆ ನೆಪೋಲಿಯನ್ ಪಟ್ಟಾಭಿಷೇಕದ ಈ ಚಿತ್ರ ಇತ್ತು, ಅಷ್ಟೇ.

ಆ ಹಾಲ್ ಒಂಥರಾ ಮೊನಾಲಿಸಾ ನೋಡೋಕೆ ಹೋಗೋರ ಬೈಪಾಸ್ ರೋಡ್ ಇದ್ದಂಗೆ. ಕೆಂಪು ಗೋಡೆ, ಎತ್ತರದ ಚಾವಣಿ, ಜನ ಫೋನ್ ಎತ್ತಿ ಹಿಡ್ಕೊಂಡು ನಡೀತಾನೇ ಕ್ಲಿಕ್ ಮಾಡಿ ಮುಂದೆ ಹೋಗ್ತಾ ಇರ್ತಾರೆ. ಚಿತ್ರದ ಸೈಜು ಕೇಳಿ, 9.79 ಮೀಟರ್ ಉದ್ದ, 6.21 ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಹೇಳ್ಬೇಕು ಅಂದ್ರೆ ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನ ಮುಂಭಾಗಕ್ಕಿಂತ ಎರಡು ಅಡಿ ಜಾಸ್ತಿ ಅಗಲ, ಎತ್ತರ ಎರಡು ಫ್ಲೋರ್ ಮನೆಯಷ್ಟು. ಒಳಗಿರೋ ಜನ ಆಳೆತ್ತರ ಇದ್ದಾರೆ, ಅದೂ ಕೆಳಗಿನ ಅಂಚಿಗೆ ಎಷ್ಟು ಹತ್ತಿರ ನಿಂತಿದ್ದಾರೆ ಅಂದ್ರೆ ನಾವು ಎದ್ದು ನಾಲ್ಕು ಹೆಜ್ಜೆ ಇಟ್ರೆ ಅವರ ಹಿಂದಿನ ಸಾಲಲ್ಲಿ ಸೇರ್ಕೋಬಹುದೇನೋ ಅನ್ಸುತ್ತೆ. ನೆಪೋಲಿಯನ್ನಿಗೂ ಹಂಗೇ ಅನ್ನಿಸಿತ್ತಂತೆ, 1808ರ ಜನವರಿಯಲ್ಲಿ ಇದನ್ನ ನೋಡೋಕೆ ಬಂದು ಒಂದು ಗಂಟೆಗೂ ಮೇಲೆ ಅತ್ತಿತ್ತ ಓಡಾಡಿ, ಇದು ಚಿತ್ರ ಅಲ್ಲ, ಇದರೊಳಗೆ ನಡೆದಾಡಬಹುದು ಅಂದನಂತೆ.

ನೆಪೋಲಿಯನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಟಿಪ್ಪು ಪಾಠದಲ್ಲಿ ಬರೋನು. ಈಜಿಪ್ಟಿನಲ್ಲಿದ್ದಾಗ 1799ರಲ್ಲಿ ಟಿಪ್ಪುಗೆ ಕಾಗದ ಬರೆದ, ಅದು ಬ್ರಿಟಿಷರ ಕೈಗೆ ಸಿಕ್ತು, ಅದೇ ವರ್ಷ ಮೇನಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿಂದ ಐದೇ ಐದು ವರ್ಷಕ್ಕೆ ಈ ಮನುಷ್ಯ ಚಕ್ರವರ್ತಿ. 1804ರ ಡಿಸೆಂಬರ್ 2ನೇ ತಾರೀಕು, ನೋತ್ರ್ ದಾಮ್ ಚರ್ಚು, ಮೈ ಕೊರೆಯೋ ಚಳಿ. ಆ ದಿನದ್ದೇ ಈ ಚಿತ್ರ. ಬರೆದೋನು ಜಾಕ್ ಲೂಯಿ ದಾವಿದ್.

ಪಕ್ಕದಲ್ಲಿದ್ದ ಬೋರ್ಡಲ್ಲಿ ಹೆಸರು ಓದ್ದೆ, ಫ್ರೆಂಚಲ್ಲಿ ರೈಲುಗಾಡಿಯಷ್ಟು ಉದ್ದ. ಅದರಲ್ಲಿ ಎರಡು ಪದ ಬೇರೆ ಬೇರೆ ಇವೆ, ಒಂದು ‘ಸಾಕ್ರ್’, ಇನ್ನೊಂದು ‘ಕುರೊನ್‌ಮಾಂ’. ಚಕ್ರವರ್ತಿಗೆ ಮೊದಲನೇದು, ಅವನ ಹೆಂಡತಿ ಜೋಸೆಫಿನ್‌ಗೆ ಎರಡನೇದು. ಇಂಗ್ಲಿಷಿಗೆ ಬಂದಾಗ ಎರಡನ್ನೂ ಒಂದೇ ಕಾರೊನೇಶನ್ ಅಂತ ಮಾಡಿ ಮುಗಿಸಿದ್ದಾರೆ. ಸಾಕ್ರ್ ಅಂದ್ರೇನು ಅಂತ ಫೋನಲ್ಲಿ ಹುಡುಕಿದ್ರೆ ಪವಿತ್ರ ಎಣ್ಣೆ ಹಚ್ಚಿ ರಾಜನನ್ನ ದೇವರ ಕಡೆಯೋನು ಅಂತ ಮಾಡೋದು. ಅರೆ, ಇದು ಅಭಿಷೇಕ ಅಲ್ವಾ ಅಂತ ಅಲ್ಲೇ ನಗು ಬಂತು. ಕುರೊನ್‌ಮಾಂ ಅಂದ್ರೆ ಕಿರೀಟ ಇಡೋದು, ಅಂದ್ರೆ ಪಟ್ಟ ಕಟ್ಟೋದು. ಇಂಗ್ಲಿಷಿನೋರು ಒಂದು ಮಾಡಿದ್ದನ್ನ ನಮ್ಮ ‘ಪಟ್ಟಾಭಿಷೇಕ’ ಹಂಗೇ ಎರಡಾಗಿ ಇಟ್ಕೊಂಡಿದೆ. ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್ ಒಬ್ಬಳು ಕೆಥೊಲಿಕ್ ಹುಡುಗಿ, ಕನ್ನಡ ಬೈಬಲ್ ಓದ್ತಿದ್ದೋಳು, ಸಮುವೇಲ ಕೊಂಬಿನಲ್ಲಿ ಎಣ್ಣೆ ತಂದು ದಾವೀದನಿಗೆ ಮಾಡಿದ್ದು ಅಭಿಷೇಕಾನೇ ಅಂತ ಅವಳ ಬಾಯಲ್ಲೇ ಕೇಳಿದ್ದು ನೆನಪಿದೆ. ಹೆಸರು ನೋಡಿ, ಅಲ್ಲೂ ದಾವೀದ, ಇಲ್ಲೂ ದಾವಿದ್.

ಸರಿ, ಪಟ್ಟ ಒಂದು, ಅಭಿಷೇಕ ಒಂದು. ಈಗ ಚಿತ್ರ ನೋಡಿದ್ರೆ ಪಟ್ಟ ಇದೆ. ಮಧ್ಯದಲ್ಲಿ ನೆಪೋಲಿಯನ್ ಚಿನ್ನದ ಎಲೆಗಳ ಮಾಲೆ ತಲೆ ಮೇಲೆ ಇಟ್ಕೊಂಡು ನಿಂತಿದ್ದಾನೆ, ಎರಡೂ ಕೈಯಲ್ಲಿ ಒಂದು ಪುಟ್ಟ ಕಿರೀಟ ಮೇಲಕ್ಕೆ ಎತ್ತಿ ಹಿಡ್ದಿದ್ದಾನೆ. ಎದುರಿಗೆ ಜೋಸೆಫಿನ್ ಮಂಡಿಯೂರಿದ್ದಾಳೆ. ಆ ದಿನ ಆಕೆಗೆ 41 ವರ್ಷ, ಚಿತ್ರದಲ್ಲಿ ಇಪ್ಪತ್ತೈದು ದಾಟಿಲ್ಲ. ಆಕೆ ಹಿಂದೆ ಕೆಂಪು ವೆಲ್ವೆಟ್ಟಿನ ನಿಲುವಂಗಿ ಉದ್ದಕ್ಕೆ ಹರಡಿದೆ, ಅದರ ತುಂಬಾ ಚಿನ್ನದ ಜೇನುಹುಳ. ಹಳೇ ರಾಜರದ್ದು ಲಿಲ್ಲಿ ಹೂ, ನಂದು ಜೇನು ಅಂತ ಇವನು ಆರಿಸ್ಕೊಂಡ ಗುರುತು. ನೆಪೋಲಿಯನ್ ಹಿಂದೆ, ಬಲಗಡೆಗೆ, ಪೋಪ್ ಏಳನೇ ಪಯಸ್ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಬಲಗೈ ಒಂದಿಷ್ಟು ಮೇಲೆದ್ದಿದೆ. ಎರಡು ಬೆರಳು ಆಶೀರ್ವಾದಕ್ಕೆ ಅಂತ.

ಎಣ್ಣೆ ಎಲ್ಲೂ ಇಲ್ಲ.

ಎಣ್ಣೆ ಹಚ್ಚಲೇ ಇಲ್ವಾ ಅಂದ್ರೆ, ಹಚ್ಚಿದ್ರು. ಪೋಪ್ ಅಷ್ಟು ದೂರ ರೋಮ್‌ನಿಂದ ಚಳಿಗಾಲದಲ್ಲಿ ಗಾಡಿಯಲ್ಲಿ ಬಂದಿದ್ದೇ ಅದಕ್ಕೆ. ನೆಪೋಲಿಯನ್ನನ ತಲೆಗೆ, ಎರಡೂ ಅಂಗೈಗೆ, ಆಮೇಲೆ ಜೋಸೆಫಿನ್‌ಗೂ ಹಂಗೇ. ಅದು ಆದ್ಮೇಲೆ ಕಿರೀಟದ ಸರದಿ. ಸ್ಕೂಲಲ್ಲಿ ನಮ್ಮ ಮೇಷ್ಟ್ರು ನೆಪೋಲಿಯನ್ ಪೋಪ್ ಕೈಯಿಂದ ಕಿರೀಟ ಕಿತ್ಕೊಂಡು ತಾನೇ ಹಾಕ್ಕೊಂಡ ಅಂತ ಕೈ ಬೀಸಿ ಆಕ್ಟ್ ಮಾಡಿ ತೋರಿಸಿದ್ರು, ನಾನು ಮೂವತ್ತು ವರ್ಷ ಅದನ್ನೇ ನಂಬಿದ್ದೆ. ನಿಜ ಏನು ಅಂದ್ರೆ ಕಿತ್ಕೊಂಡಿದ್ದೇನೂ ಇಲ್ಲ. ಮುಂಚೇನೇ ಎರಡೂ ಕಡೆ ಮಾತುಕತೆ ಆಗಿತ್ತು, ಎಣ್ಣೆ ನಿಮ್ಮದು ಕಿರೀಟ ನಂದು ಅಂತ. ಪೂಜೆ ಪೀಠದ ಮೇಲಿಂದ ತಾನೇ ಎತ್ಕೊಂಡು ತಲೆ ಮೇಲೆ ಇಟ್ಕೊಂಡ. ಕನ್ನಡದಲ್ಲಿ ಪಟ್ಟ ಕಟ್ತಾರೆ ಅಂತೀವಿ, ಯಾರೋ ಇನ್ನೊಬ್ರು ಕಟ್ಬೇಕು. ತಲೆಗೆ ತಾನೇ ಕಟ್ಕೊಂಡೋನಿಗೆ ನಮ್ಮಲ್ಲಿ ಬೇರೆ ಥರಾನೇ ಮಾತಾಡ್ತಾರೆ.

ಈ ಎಣ್ಣೆಯದ್ದು ಇನ್ನೊಂದು ಕಥೆ ಇದೆ, ಅದು ಗೊತ್ತಾದ್ಮೇಲೆ ನನಗೆ ಈ ಚಿತ್ರ ಪೂರ್ತಿ ಬೇರೆ ಥರ ಕಾಣೋಕೆ ಶುರುವಾಯ್ತು. ಫ್ರಾನ್ಸಿನ ರಾಜರಿಗೆ ಅಭಿಷೇಕ ಆಗ್ತಿದ್ದಿದ್ದು ರೀಮ್ಸ್ ಊರಲ್ಲಿ. ಅಲ್ಲೊಂದು ಪುಟ್ಟ ಗಾಜಿನ ಕುಪ್ಪಿ, ಅದರ ಎಣ್ಣೆಯನ್ನ ಪಾರಿವಾಳ ಒಂದು ಸ್ವರ್ಗದಿಂದ ತಂದಿತ್ತು ಅಂತ ನಂಬಿಕೆ. 1775ರಲ್ಲಿ ಹದಿನಾರನೇ ಲೂಯಿಗೂ ಅದರಿಂದಲೇ ಹಚ್ಚಿದ್ರು. ಕ್ರಾಂತಿ ಬಂತು, 1793ರ ಜನವರಿಯಲ್ಲಿ ಆ ಲೂಯಿಯ ತಲೆ ಹೋಯ್ತು, ಅದೇ ವರ್ಷ ಅಕ್ಟೋಬರಲ್ಲಿ ಆ ಕುಪ್ಪಿಯನ್ನ ಊರ ಚೌಕದಲ್ಲಿ ಎಲ್ಲರ ಎದುರಿಗೆ ಒಡೆದು ಹಾಕಿದ್ರು. ಮುಂದಿನ ತಿಂಗಳು ನೋತ್ರ್ ದಾಮನ್ನ ‘ವಿವೇಕದ ಗುಡಿ’ ಅಂತ ಮಾಡಿದ್ರು. ಅದರ ಮುಂಭಾಗದಲ್ಲಿದ್ದ ಬೈಬಲ್ ರಾಜರ ಮೂರ್ತಿಗಳನ್ನ ಫ್ರಾನ್ಸಿನ ರಾಜರದ್ದೇ ಅಂದ್ಕೊಂಡು ತಲೆ ಕಡಿದು ಬಿಸಾಕಿದ್ರು (ಆ ಕಲ್ಲಿನ ತಲೆಗಳು 1977ರಲ್ಲಿ ನೆಲ ಅಗೆಯುವಾಗ ಸಿಕ್ಕಿವೆ, ಪ್ಯಾರಿಸ್ಸಿನಲ್ಲೇ ಇನ್ನೊಂದು ಮ್ಯೂಸಿಯಂನಲ್ಲಿವೆ, ಅಲ್ಲಿಗೂ ಹೋಗ್ಬೇಕಿತ್ತು, ಶೂ ಬಿಡ್ಲಿಲ್ಲ).

ದಾವಿದ್ ಆಗ ಎಲ್ಲಿದ್ದ? ಆ ಗುಂಪಿನ ನಟ್ಟನಡುವೆ. ಪಾರ್ಲಿಮೆಂಟಲ್ಲಿ ಮೆಂಬರ್ರು, ರಾಜನ ತಲೆ ತೆಗೀಬೇಕು ಅಂತ ಓಟು ಹಾಕಿದೋನು. ಕ್ರಾಂತಿಯ ದೊಡ್ಡ ಲೀಡರ್ ರೋಬೆಸ್ಪಿಯೆರ್‌ನ ಗೆಳೆಯ, ಅವನು ಬಿದ್ದಾಗ ಇವನೂ ಜೈಲಿಗೆ ಹೋಗಿ ಬಂದ. ಕ್ರಾಂತಿಯ ಹಬ್ಬಗಳಿಗೆಲ್ಲ ರಥ, ಬೊಂಬೆ, ಮೆರವಣಿಗೆ ಎಲ್ಲಾ ಡಿಸೈನ್ ಮಾಡ್ತಿದ್ದೋನು ಇವನೇ. ಅಂಥಾ ಆಸಾಮಿ ಹತ್ತು ವರ್ಷ ಕಳೆದು ಅದೇ ನೋತ್ರ್ ದಾಮಲ್ಲಿ ಸ್ಕೆಚ್ ಪುಸ್ತಕ ಹಿಡ್ಕೊಂಡು ಕೂತಿದ್ದಾನೆ, ಎದುರಿಗೆ ಪೋಪು ಎಣ್ಣೆ ಹಚ್ತಿದ್ದಾರೆ. ನಮ್ಮಲ್ಲಿ ಪಾರ್ಟಿ ಬಿಟ್ಟು ಪಾರ್ಟಿ ಹಾರೋರನ್ನ ನೋಡಿ ನೋಡಿ ನಮಗೆ ಇದೇನು ಹೊಸದಲ್ಲ ಬಿಡಿ, ಆದ್ರೆ ಆ ಹೊತ್ತಲ್ಲಿ ಅವನ ಹೊಟ್ಟೆಯೊಳಗೆ ಏನಾಗಿರ್ಬೇಕು ಅಂತ ನಾನು ತುಂಬಾ ಹೊತ್ತು ಯೋಚಿಸ್ದೆ. ಒಡೆದ ಕುಪ್ಪಿ ಅವನಿಗೆ ಗೊತ್ತಿಲ್ದೇ ಇರುತ್ತಾ? ಆ ಎಣ್ಣೆಯ ಕ್ಷಣವನ್ನೇ ಬರೀಬಹುದಿತ್ತು, ಸಮಾರಂಭದ ಹೃದಯ ಅದೇ, ಹೆಸರಲ್ಲೂ ಅದೇ ಇದೆ. ಬರೀಲಿಲ್ಲ. ಬರೆಸೋನಿಗೂ ಬೇಕಿರ್ಲಿಲ್ಲ ಬಿಡಿ, ಎಣ್ಣೆ ಹಚ್ಚಿಸ್ಕೊಳ್ಳೋಕೆ ತಲೆ ಬಗ್ಗಿಸ್ಬೇಕಲ್ಲ.

ಮೊದಲು ದಾವಿದ್ ಯೋಚಿಸಿದ್ದು ನೆಪೋಲಿಯನ್ ತನಗೆ ತಾನೇ ಕಿರೀಟ ಇಟ್ಕೊಳ್ಳೋ ದೃಶ್ಯ. ಆ ಸ್ಕೆಚ್ ಈಗಲೂ ಇದೆ, ಫೋನಲ್ಲೇ ನೋಡ್ದೆ. ಒಂದು ಕೈಯಲ್ಲಿ ಕಿರೀಟ, ಇನ್ನೊಂದು ಕೈಯಲ್ಲಿ ಕತ್ತಿಯನ್ನ ಎದೆಗೆ ಒತ್ಕೊಂಡಿದ್ದಾನೆ, ಎದೆ ಸೆಟೆದು ಮುಖ ಮೇಲಕ್ಕೆತ್ತಿದ್ದಾನೆ. ಕಂಪನಿ ನಾಟಕದ ರಾವಣ ಇದ್ದಂಗಿದೆ, ಸುಳ್ಳು ಯಾಕೆ ಹೇಳ್ಲಿ. ದಾವಿದ್ ಹತ್ರ ಮುಂಚೆ ಕಲಿತಿದ್ದ ಜೆರಾರ್ ಅನ್ನೋ ಚಿತ್ರಕಾರ, ಗುರುಗಳೇ ಇದು ಬೇಡ, ಹೆಂಡತಿಗೆ ಕಿರೀಟ ಇಡೋದನ್ನ ಹಾಕಿ ಅಂತ ಸಲಹೆ ಕೊಟ್ಟ ಅಂತಾರೆ. ಒಳ್ಳೇ ಸಲಹೆ. ಸ್ವಂತ ತಲೆಗೆ ಇಟ್ಕೊಂಡ್ರೆ ದುರಹಂಕಾರ, ಹೆಂಡತಿ ತಲೆಗೆ ಇಟ್ರೆ ಗಂಡಸ್ತನ, ಪ್ರೀತಿ, ಔದಾರ್ಯ ಎಲ್ಲಾ ಬಂತು. ಚಕ್ರವರ್ತಿನೂ ಒಪ್ಪಿದ.

ಇಲ್ಲೇ ಪೋಪ್ ಪಾಡು ಕೆಟ್ಟಿದ್ದು. ಎಣ್ಣೆ ಕೆಲಸ ಮುಗಿದಿದೆ, ಕಿರೀಟದಲ್ಲಿ ಪಾಲಿಲ್ಲ. ದಾವಿದ್ ಮೊದಲು ಅವರನ್ನ ಎರಡೂ ಕೈ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿರೋ ಹಾಗೆ ಬರೆದಿದ್ದ. ನೆಪೋಲಿಯನ್ ನೋಡಿ, ಅವರನ್ನ ಅಷ್ಟು ದೂರದಿಂದ ಕರೆಸಿದ್ದು ಏನೂ ಮಾಡದೆ ಕೂರೋಕಲ್ಲ ಅಂದನಂತೆ. ದಾವಿದ್ ಕೈ ಎತ್ತಿಸಿದ. ಇಷ್ಟು ತಿಳ್ಕೊಂಡು ಮತ್ತೆ ತಲೆ ಎತ್ತಿ ಆ ಕೈ ನೋಡಿ, ಬೇಕಾದ್ರೆ ಫೋಟೋ ಝೂಮ್ ಮಾಡಿ ನೋಡಿ. ಕೈ ಪೂರ್ತಿ ಎದ್ದಿಲ್ಲ. ಮೊಣಕೈ ದೇಹಕ್ಕೆ ಅಂಟ್ಕೊಂಡೇ ಇದೆ, ಮಣಿಕಟ್ಟಿನಿಂದ ಮೇಲೆ ಮಾತ್ರ ಎದ್ದಿದೆ, ಕ್ಲಾಸಲ್ಲಿ ಉತ್ತರ ಗೊತ್ತಿಲ್ದೇ ಇದ್ರೂ ಮೇಷ್ಟ್ರ ಭಯಕ್ಕೆ ಅರ್ಧ ಕೈ ಎತ್ತೋ ಹುಡುಗನ ಥರ. ಮುಖದಲ್ಲಿ ಸಿಟ್ಟಿಲ್ಲ, ಸಂತೋಷನೂ ಇಲ್ಲ. ಕಣ್ಣು ನೆಪೋಲಿಯನ್ನನ ಬೆನ್ನ ಕಡೆ. ಅಷ್ಟು ದೊಡ್ಡ ಕ್ಯಾನ್ವಾಸಲ್ಲಿ, ನೂರಕ್ಕೂ ಮೇಲೆ ಗುರುತು ಹಿಡಿಯೋ ಮುಖಗಳ ಮಧ್ಯೆ, ಮಿಕ್ಕೋರೆಲ್ಲ ಫೋಟೋಗೆ ನಿಂತಂಗೆ ಇದ್ದಾರೆ, ಇವರೊಬ್ರು ಮಾತ್ರ ಮನೆ ಕಡೆ ಯೋಚನೆ ಮಾಡ್ತಾ ಕೂತ ಮನುಷ್ಯನ ಥರ ಕಂಡ್ರು ನನಗೆ.

ದಾವಿದ್‌ಗೆ ಈ ಪೋಪ್ ಮೇಲೆ ಗೌರವ ಇತ್ತು. 1805ರಲ್ಲಿ ಎದುರಿಗೆ ಕೂರಿಸ್ಕೊಂಡು ಅವರದ್ದೇ ಬೇರೆ ಒಂದು ಚಿತ್ರ ಬರೆದ, ಅದೂ ಲೂವ್ರಲ್ಲೇ ಇದೆ. ರಾಜನ ತಲೆಗೆ ಓಟು ಹಾಕಿದ ಕ್ರಾಂತಿಕಾರಿ ಎದುರಿಗೆ ನಿಂತಿದ್ದಾನೆ, ಕ್ರೈಸ್ತರ ಜಗದ್ಗುರುಗಳು ಸುಮ್ನೆ ಪೋಸು ಕೊಟ್ಟು ಕೂತಿದ್ದಾರೆ. ಆ ರೂಮಲ್ಲಿ ಇರ್ಬೇಕಿತ್ತು ನಾನು. ಹಾಗಾಗಿ ನನ್ನ ಲೆಕ್ಕ ಏನಪ್ಪಾ ಅಂದ್ರೆ, ದಾವಿದ್ ಹೇಳಿದಂಗೆ ಕೈ ಎತ್ತಿಸಿದ, ಆದ್ರೆ ಎಷ್ಟು ಎತ್ತಿಸ್ಬೇಕು ಅನ್ನೋದನ್ನ ತನ್ನ ಹತ್ರಾನೇ ಇಟ್ಕೊಂಡ. ಇದು ನನ್ನ ಊಹೆ ಅಷ್ಟೇ, ಕಲಾ ವಿಮರ್ಶಕರು ಬಂದು ಜಗಳ ಆಡ್ಬೇಡಿ.

ಆ ದಿನದ ಸಮಾರಂಭದಲ್ಲಿ ಪೋಪ್ ಮಾಡಿದ ಇನ್ನೊಂದು ಕೆಲಸ ಚಿತ್ರದಲ್ಲಿಲ್ಲ. ಕಿರೀಟ, ಬಲಿಪೂಜೆ ಎಲ್ಲಾ ಮುಗಿದ್ಮೇಲೆ ನೆಪೋಲಿಯನ್ ಪ್ರಮಾಣವಚನ ತಗೋಬೇಕಿತ್ತು. ಎಲ್ಲಾ ಧರ್ಮಕ್ಕೂ ಸ್ವಾತಂತ್ರ್ಯ ಕೊಡ್ತೀನಿ, ಕ್ರಾಂತಿಯಲ್ಲಿ ಮಾರಾಟ ಆದ ಆಸ್ತಿ ವಾಪಸ್ ಆಗಲ್ಲ ಅಂತ ಅದರಲ್ಲಿತ್ತು. ಆ ಆಸ್ತಿಯಲ್ಲಿ ಬಹುಪಾಲು ಚರ್ಚಿಂದೇ. ಅದನ್ನ ಕೇಳಿಸ್ಕೊಂಡು ಕೂತ್ರೆ ಒಪ್ಪಿಗೆ ಕೊಟ್ಟಂಗಾಗುತ್ತೆ ಅಂತ ಪೋಪ್ ಎದ್ದು ಒಳಗಿನ ಕೋಣೆಗೆ ಹೋಗ್ಬಿಟ್ರು. ಜಗಳ ಇಲ್ಲ, ಗಲಾಟೆ ಇಲ್ಲ, ನಮ್ಮ ಕಡೆ ಮದುವೆ ಮನೇಲಿ ಹಿರಿಯರು ಇಷ್ಟ ಇಲ್ದೇ ಇರೋ ಮಾತು ಬಂದ ತಕ್ಷಣ ಎಲೆಅಡಿಕೆ ನೆಪ ಮಾಡ್ಕೊಂಡು ಎದ್ದು ಹೋಗ್ತಾರಲ್ಲ, ಹಂಗೇ.

ಮದುವೆ ಅಂದಾಗ ನೆನಪಾಯ್ತು. ಸಮಾರಂಭಕ್ಕೆ ಒಂದೆರಡು ದಿನ ಇರೋವಾಗ ಜೋಸೆಫಿನ್ ಪೋಪ್ ಹತ್ರ ಹೋಗಿ ನಮ್ಮದು 1796ರಲ್ಲಿ ಬರೀ ರಿಜಿಸ್ಟರ್ ಮದುವೆ ಆಗಿದ್ದು, ಚರ್ಚಲ್ಲಿ ಆಗಿಲ್ಲ ಅಂತ ಹೇಳ್ಬಿಟ್ಳು. ಗಂಡ ತನ್ನನ್ನ ಬಿಟ್ಬಿಡ್ತಾನೆ ಅನ್ನೋ ಭಯ ಆಕೆಗೆ ಆಗಲೇ ಇತ್ತು, ಮಕ್ಕಳಾಗಿರ್ಲಿಲ್ಲ. ಪೋಪ್ ಮದುವೆ ಇಲ್ದೇ ಅಭಿಷೇಕ ಆಗಲ್ಲ ಅಂದ್ರು. ಕೊನೆಗೆ ನೆಪೋಲಿಯನ್ನನ ಸೋದರಮಾವ ಕಾರ್ಡಿನಲ್ ಫೆಶ್, ಅರಮನೆಯಲ್ಲೇ ಗುಟ್ಟಾಗಿ ಪಟ್ಟಾಭಿಷೇಕಕ್ಕೆ ಸ್ವಲ್ಪ ಮುಂಚೆ ಮದುವೆ ಮಾಡಿಸಿದ. ಚಿತ್ರದಲ್ಲಿ ಆಕೆ ತಲೆ ತಗ್ಗಿಸಿ ಕೈ ಮುಗಿದಿರೋದನ್ನ ಎಲ್ರೂ ಭಕ್ತಿ ಅಂತಾರೆ. ನನಗೆ ಅದರಲ್ಲಿ ಸ್ವಲ್ಪ ‘ಅಬ್ಬಾ, ಆಯ್ತು’ ಅನ್ನೋದೂ ಕಾಣ್ಸುತ್ತೆ.

ಮಧ್ಯದಲ್ಲಿ ಮೇಲುಗಡೆ ಒಂದು ಬಾಲ್ಕನಿ ಇದೆ, ಅಲ್ಲಿ ಒಬ್ಬ ಹೆಂಗಸು ಮಹಾರಾಣಿ ಥರ ಕೂತು ನೋಡ್ತಿದ್ದಾರೆ, ನೆಪೋಲಿಯನ್ನನ ತಾಯಿ ಲೆತಿಜಿಯಾ. ಆಯಮ್ಮ ಆ ದಿನ ಪ್ಯಾರಿಸ್ಸಲ್ಲೇ ಇರ್ಲಿಲ್ಲ! ಇನ್ನೊಬ್ಬ ಮಗ ಲೂಸಿಯನ್ನಿಗೂ ನೆಪೋಲಿಯನ್ನಿಗೂ ಮದುವೆ ವಿಷಯಕ್ಕೆ ಮುನಿಸು ಬಂದು, ತಾಯಿ ಆ ಮಗನ ಕಡೆ ನಿಂತು ರೋಮಲ್ಲೇ ಉಳ್ಕೊಂಡ್ರು. ಚಿತ್ರದಲ್ಲಿ ಬಂದ್ಬಿಟ್ರು. ಅದೇ ಸಮಾರಂಭದಲ್ಲಿ ನೆಪೋಲಿಯನ್ ಅಣ್ಣನ ಕಿವಿಯಲ್ಲಿ, ಜೋಸೆಫ್, ನಮ್ಮಪ್ಪ ನೋಡ್ಬೇಕಿತ್ತು ಅಂದನಂತೆ. ಅಪ್ಪ ಸತ್ತು ಎಷ್ಟೋ ವರ್ಷ ಆಗಿತ್ತು. ಬದುಕಿದ್ದ ಅಮ್ಮ ಬರಲಿಲ್ಲ. ಈ ಚಕ್ರವರ್ತಿ ಮೇಲೆ ನನಗೆ ಮರುಕ ಬಂದಿದ್ದು ಇದೊಂದೇ ಜಾಗದಲ್ಲಿ.

ಕಾರ್ಡಿನಲ್ ಕಪ್ರಾರಾ ಅನ್ನೋರೂ ಹುಷಾರಿಲ್ದೇ ಬಂದಿರ್ಲಿಲ್ಲ, ಅವರೂ ಇದ್ದಾರೆ. ಅವರು ದಿನಾ ವಿಗ್ ಹಾಕ್ತಿದ್ರು, ನನಗೆ ವಿಗ್ ಸಮೇತ ಬರೀರಿ ಅಂದ್ರೆ ದಾವಿದ್ ಒಪ್ಪಲಿಲ್ಲ, ಬೋಳುತಲೆಯಲ್ಲೇ ಬರೆದ. ಬರದೇ ಇರೋ ಅಮ್ಮನನ್ನ ಬರೆಸಬಹುದು, ಇಲ್ಲದ ಕೂದಲು ಬರೆಸೋಕಾಗಲ್ಲ, ಇದ್ಯಾವ ಊರಿನ ನ್ಯಾಯ.

ಎಡಗಡೆ ತುದಿಯಲ್ಲಿ ನೆಪೋಲಿಯನ್ನನ ತಂಗಿಯರು ಸಾಲಾಗಿ ಬಿಳಿ ಗೌನ್ ಹಾಕ್ಕೊಂಡು ನಿಂತಿದ್ದಾರೆ. ನಿಜದಲ್ಲಿ ಇವರು ಅತ್ತಿಗೆಯ ನಿಲುವಂಗಿ ಹಿಡ್ಕೊಂಡು ನಡೀಬೇಕಿತ್ತು, ಅದಕ್ಕೆ ರಂಪ ಮಾಡಿದ್ರು, ಚಿತ್ರದಲ್ಲಿ ಆ ಕೆಲಸ ಬೇರೆ ಇಬ್ಬರು ಹೆಂಗಸರ ಪಾಲಾಗಿದೆ. ಅವರ ಸಾಲಲ್ಲೇ ಜೋಸೆಫಿನ್ ಮಗಳು ಒರ್ತಾನ್ಸ್ ಒಂದು ಪುಟ್ಟ ಹುಡುಗನ ಕೈ ಹಿಡ್ಕೊಂಡಿದ್ದಾಳೆ. ಅವಳ ಮಗ, ನೆಪೋಲಿಯನ್ ಶಾರ್ಲ್. ಮುಂದೆ ಸಿಂಹಾಸನ ಇವನಿಗೇ ಅಂತ ಮನೆಯಲ್ಲಿ ಮಾತಿತ್ತು. ದಾವಿದ್ ಬರೆಯೋಕೆ ಶುರು ಮಾಡಿದ್ದು 1805ರ ಕೊನೆಗೆ, ಮುಗಿಸಿದ್ದು 1807ರ ನವೆಂಬರಲ್ಲಿ. ಹುಡುಗ 1807ರ ಮೇ ತಿಂಗಳಲ್ಲಿ ತೀರ್ಕೊಂಡ. ಐದೂ ತುಂಬಿರ್ಲಿಲ್ಲ. ಬಣ್ಣ ಒಣಗೋದ್ರೊಳಗೆ ಹೋಗ್ಬಿಟ್ಟ. ಚಿತ್ರದಲ್ಲಿ ಅವನಿಗೆ ಈ ದೊಡ್ಡೋರ ಗಲಾಟೆ ಯಾವುದೂ ಬೇಕಿಲ್ಲ, ಅಮ್ಮನ ಕೈ ಹಿಡ್ಕೊಂಡು ಸುಮ್ನೆ ನಿಂತಿದ್ದಾನೆ. ನಾನು ಅವನ ಹತ್ರ ಹೋಗಿ ನಿಂತಾಗ ಒಬ್ಬ ಟೂರಿಸ್ಟ್ ಅಪ್ಪ ತನ್ನ ಮಗುವನ್ನ ಎತ್ಕೊಂಡು ಆ ಹುಡುಗನ ಪಕ್ಕ ಬರೋ ಹಾಗೆ ಫೋಟೋ ತೆಗೀತಿದ್ದ.

ಮುಂದೆ ಏನೇನಾಯ್ತು ಅಂತ ಗೊತ್ತಿದ್ರೆ ಈ ಚಿತ್ರದಲ್ಲಿ ನೆಮ್ಮದಿಯಾಗಿ ನೋಡೋಕೆ ಒಂದು ಮುಖನೂ ಉಳಿಯಲ್ಲ. 1809ರಲ್ಲಿ ನೆಪೋಲಿಯನ್ ಸೈನ್ಯ ರೋಮಿನಿಂದ ಪೋಪನ್ನೇ ಎತ್ಹಾಕ್ಕೊಂಡು ಹೋಯ್ತು, ಐದು ವರ್ಷ ಸೆರೆ, ಕೊನೆಗೆ ತಂದಿಟ್ಟಿದ್ದು ಅದೇ ಫೋಂತೆನ್‌ಬ್ಲೋ ಅರಮನೆಯಲ್ಲಿ, 1804ರಲ್ಲಿ ಅತಿಥಿ ಅಂತ ಕರ್ಕೊಂಡು ಬಂದು ಇಳಿಸಿದ್ದ ಜಾಗದಲ್ಲೇ. ಅದೇ 1809ರ ಡಿಸೆಂಬರಲ್ಲಿ ಜೋಸೆಫಿನ್‌ಗೆ ಡೈವೋರ್ಸು. ಮುಂದಿನ ಏಪ್ರಿಲಲ್ಲಿ ಎರಡನೇ ಮದುವೆ, ಅದು ನಡೆದಿದ್ದು ಈ ಲೂವ್ರಲ್ಲೇ, ಒಂದು ಹಾಲನ್ನ ಚರ್ಚ್ ಥರ ಮಾಡಿ. ದಾವಿದ್ ಆಗ ಈ ಸರಣಿಯ ಇನ್ನೊಂದು ದೊಡ್ಡ ಚಿತ್ರ ಬರೀತಿದ್ದ, ಸೈನ್ಯಕ್ಕೆ ಹದ್ದಿನ ಧ್ವಜ ಹಂಚೋದು. ಅದರಲ್ಲೂ ಜೋಸೆಫಿನ್ ಇದ್ಲು, ಅಳಿಸು ಅಂದ್ರು, ಅಳಿಸಿದ. ಜಾಗ ಖಾಲಿ ಕಾಣ್ಬಾರ್ದು ಅಂತ ಆಕೆ ಮಗ ಯೂಜೀನ್‌ನ ಒಂದು ಕಾಲನ್ನ ಮುಂದಕ್ಕೆ ಎಳೆದು ಬರೆದಿದ್ದಾನೆ. ಅಮ್ಮ ಇದ್ದ ಜಾಗಕ್ಕೆ ಮಗನ ಕಾಲು. ಈ ನಮ್ಮ ಚಿತ್ರ ಅಷ್ಟರಲ್ಲಿ ಮುಗಿದಿದ್ದರಿಂದ ಬಚಾವಾಯ್ತು ಅನ್ಸುತ್ತೆ, ಆಕೆಯನ್ನ ತೆಗೆದ್ರೆ ಆ ಕಿರೀಟ ಯಾರ ತಲೆಗೆ ಇಡ್ತಿದ್ದ ಅವನು?

ದಾವಿದ್ ಕಥೆನೂ ಅಷ್ಟೇ. ನೆಪೋಲಿಯನ್ ಬಿದ್ದ, ಹಳೇ ರಾಜಮನೆತನ ವಾಪಸ್ ಬಂತು, ರಾಜನ ಸಾವಿಗೆ ಓಟು ಹಾಕಿದ್ದ ಇವನು 1816ರಲ್ಲಿ ದೇಶ ಬಿಟ್ಟು ಬ್ರಸೆಲ್ಸಿಗೆ ಹೋದ. ಅಲ್ಲಿ ಕೂತು, ಮುಂಚೆ ಶುರು ಮಾಡಿ ನಿಲ್ಲಿಸಿದ್ದ ಇದೇ ಚಿತ್ರದ ಇನ್ನೊಂದು ಪ್ರತಿಯನ್ನ 1822ರಲ್ಲಿ ಮುಗಿಸಿದ. ಅಷ್ಟೇ ದೊಡ್ಡದು, ಈಗ ವರ್ಸೈಲ್ಸ್ ಅರಮನೆಯಲ್ಲಿದೆ. ಎರಡಕ್ಕೂ ಎದ್ದು ಕಾಣೋ ವ್ಯತ್ಯಾಸ ಅಂದ್ರೆ ತಂಗಿಯರಲ್ಲಿ ಒಬ್ಬಳ ಗೌನ್ ಅಲ್ಲಿ ಗುಲಾಬಿ ಬಣ್ಣ. ಪೋಪ್ ಕೈ? ಅಲ್ಲೂ ಎದ್ದೇ ಇದೆ. ಹೇಳಿ ಬರೆಸಿದೋನು ಸತ್ತು ವರ್ಷ ಕಳೆದಿತ್ತು, ಪೋಪ್ ರೋಮಲ್ಲಿ ಬಿಡುಗಡೆಯಾಗಿ ಆರಾಮಾಗಿದ್ರು, ದಾವಿದ್ ಮನಸ್ಸು ಮಾಡಿದ್ರೆ ಆ ಕೈಯನ್ನ ವಾಪಸ್ ತೊಡೆ ಮೇಲೆ ಇಳಿಸಬಹುದಿತ್ತು. ಇಳಿಸ್ಲಿಲ್ಲ. ಅಭ್ಯಾಸ ಆಗಿತ್ತೋ, ಕೊಳ್ಳೋರಿಗೆ ಅದೇ ಬೇಕಿತ್ತೋ, ಅಥವಾ ಅವನಿಗೂ ಅದೇ ನಿಜ ಅನ್ನಿಸೋಕೆ ಶುರುವಾಗಿತ್ತೋ.

ಹೊರಗೆ ಬಂದಾಗ ನಾಲ್ಕೂವರೆ. ನದಿ ದಂಡೆಯಲ್ಲಿ ಹಸಿರು ಪೆಟ್ಟಿಗೆ ಅಂಗಡಿಗಳಿವೆ, ಹಳೇ ಪುಸ್ತಕ, ಪೋಸ್ಟರ್ ಮಾರ್ತಾರೆ, ಅಲ್ಲಿ ಈ ಚಿತ್ರದ್ದೇ ಒಂದು ಫ್ರಿಜ್ ಮ್ಯಾಗ್ನೆಟ್ ಸಿಕ್ತು. ಚೌಕದ್ದು, ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಮನೆಗೆ ಬಂದು ಫ್ರಿಜ್ಜಿಗೆ ಅಂಟಿಸಿದೆ. ಅಮ್ಮ ಹಾಲು ತೆಗೆಯೋಕೆ ಬಂದೋರು ಕನ್ನಡಕ ಏರಿಸಿ ನೋಡಿದ್ರು.

‘ಯಾರದ್ದೇ ಇದು ಮದ್ವೆ?’

‘ಮದ್ವೆ ಅಲ್ಲ ಕಣಮ್ಮ, ಪಟ್ಟಾಭಿಷೇಕ. ಮದ್ವೆ ಅದಕ್ಕೆ ಮುಂಚೆ ಗುಟ್ಟಾಗಿ ಆಗಿತ್ತು.’

‘ಪಟ್ಟಾಭಿಷೇಕ ಅಂತೀಯ, ಮಾಡ್ಸೋರೇ ಕಾಣಲ್ವಲ್ಲ?’

ಬಗ್ಗಿ ನೋಡ್ದೆ. ಹೌದು. ಚೌಕಕ್ಕೆ ಕತ್ತರಿಸೋವಾಗ ನೆಪೋಲಿಯನ್ನನ ಬೆನ್ನಿಗೇ ಕಟ್ ಮಾಡಿದ್ದಾರೆ. ಬಲಗಡೆ ಅಂಚಲ್ಲಿ ಬಿಳೀ ಬಟ್ಟೆ ಒಂದು ಗೆರೆಯಷ್ಟು, ಅದರ ಮೇಲೆ ಎರಡು ಬೆರಳ ತುದಿ.